ಗೋವಾ ಕರಾವಳಿಯಿಂದ ಬೆಳಗಾವಿಗೆ: ಮೊದಲು ಘಟ್ಟ ಆರಿಸಿ, ಆಮೇಲೆ ವಾಹನ

ಗೋವಾದಲ್ಲಿರುವ ನೆಂಟರು, ಗೆಳೆಯರು ಬೆಳಗಾವಿಗೆ ಹೊರಡುವ ಮೊದಲು ನನಗೆ ಫೋನ್ ಮಾಡಿ ಕೇಳುವ ಪ್ರಶ್ನೆ ಒಂದೇ: ‘ಬಸ್ಸಿಗೆ ಬರಬೇಕೋ, ರೈಲಿಗೆ ಬರಬೇಕೋ?’ ನಾನು ಪ್ರತಿ ಸಲವೂ ಮೂರು ಮರುಪ್ರಶ್ನೆ ಕೇಳುತ್ತೇನೆ. ಗೋವಾದ ಯಾವ ಊರಿನಿಂದ ಹೊರಡುತ್ತೀರಿ? ಯಾವ ತಿಂಗಳು? ಎಷ್ಟು ಗಂಟೆಗೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಯಾವ ಘಟ್ಟ ಹತ್ತಬೇಕೆಂಬುದು ಗೊತ್ತಾಗುತ್ತದೆ. ಘಟ್ಟ ಗೊತ್ತಾದರೆ ವಾಹನ ತಾನಾಗಿಯೇ ಗೊತ್ತಾಗುತ್ತದೆ. ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ. ಮೊದಲು ಅಗ್ಗದ ಟಿಕೆಟ್ ತೆಗೆಯುತ್ತಾರೆ, ಆಮೇಲೆ ದಾರಿಯ ವಿಚಾರ ಮಾಡುತ್ತಾರೆ, ಕೊನೆಗೆ ಮಂಜು ಕವಿದ ತಿರುವಿನಲ್ಲಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ದೇವರ ಹೆಸರು ಹೇಳುತ್ತಾರೆ.

ಪಣಜಿ ಸಮುದ್ರದ ಮಟ್ಟದಲ್ಲಿದೆ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ. ನಡುವೆ ಸಹ್ಯಾದ್ರಿ ಗೋಡೆಯಂತೆ ನಿಂತಿದೆ. ಆ ಗೋಡೆಯಲ್ಲಿ ವಾಹನ ನುಸುಳಬಲ್ಲ ಬಾಗಿಲುಗಳು ಬೆರಳೆಣಿಕೆಯಷ್ಟು: ಚೋರ್ಲಾ, ಅನಮೋಡ, ಆಂಬೋಲಿ, ತಿಲಾರಿ ಮತ್ತು ಕ್ಯಾಸಲ್‌ರಾಕಿನ ರೈಲು ದಾರಿ. ಈ ಐದರಲ್ಲಿ ನಿಮ್ಮದು ಯಾವುದು ಎಂದು ತೀರ್ಮಾನಿಸುವುದೇ ಈ ಪ್ರಯಾಣದ ಮುಕ್ಕಾಲು ಕೆಲಸ.

ಹೆಜ್ಜೆ 1: ಹೊರಡುವ ಊರನ್ನು ನೋಡಿ

ಗೋವಾ ಸಣ್ಣ ರಾಜ್ಯ, ಎಲ್ಲಿಂದ ಹೊರಟರೂ ಒಂದೇ ಎಂದು ಭಾವಿಸಬೇಡಿ. ಮಾಂಡವಿ ಮತ್ತು ಝುವಾರಿ ನದಿಗಳು ಅದನ್ನು ಅಡ್ಡಡ್ಡ ಸೀಳಿವೆ. ಉತ್ತರದ ಊರುಗಳಾದ ಪಣಜಿ, ಮಾಪುಸಾ, ಕಲಂಗುಟ್, ಡಿಚೋಲಿ, ಸಾಖಳಿಯವರಿಗೆ ಚೋರ್ಲಾ ಹತ್ತಿರ. ದಕ್ಷಿಣದ ಮಡಗಾಂವ್, ವಾಸ್ಕೊ, ಫೋಂಡಾ, ಸಾವರ್ಡೆಯವರಿಗೆ ಅನಮೋಡ ಅಥವಾ ರೈಲು ಸರಿ. ಪೆಡಣೆ ತಾಲ್ಲೂಕಿನವರು, ಮೋಪಾದ ಮನೋಹರ ವಿಮಾನ ನಿಲ್ದಾಣದಲ್ಲಿ ಇಳಿದವರು ಡಿಚೋಲಿಗೆ ಬಂದು ಚೋರ್ಲಾ ಹಿಡಿಯಬಹುದು, ಇಲ್ಲವೇ ಸಾವಂತವಾಡಿ ಮೇಲೆ ಆಂಬೋಲಿ ಹತ್ತಬಹುದು. ಕಾಣಕೋಣದ ಕಡಲತೀರದಲ್ಲಿರುವವರು ಮೊದಲು ಮಡಗಾಂವಿಗೆ ಬರುವುದೇ ಲೇಸು. ಅಲ್ಲಿಂದ ಬಸ್ಸೂ ಇದೆ, ರೈಲೂ ಇದೆ.

ವಿಮಾನದಲ್ಲಿ ಬರುವವರಿಗೆ ಇಲ್ಲೊಂದು ಎಚ್ಚರಿಕೆ. ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣಗಳಿವೆ. ದಾಬೋಳಿ ದಕ್ಷಿಣದಲ್ಲಿ ವಾಸ್ಕೊ ಪಕ್ಕದಲ್ಲಿದೆ. 2023ರ ಜನವರಿಯಿಂದ ವಿಮಾನ ಇಳಿಯಲು ಶುರುವಾದ ಮೋಪಾ ಉತ್ತರದ ತುದಿಯಲ್ಲಿದೆ. ಟಿಕೆಟಿನಲ್ಲಿ ‘ಗೋವಾ’ ಎಂಬುದನ್ನಷ್ಟೇ ಓದಿ ಟ್ಯಾಕ್ಸಿ ಗೊತ್ತುಪಡಿಸಿದರೆ ಚಾಲಕ ಒಂದು ತುದಿಯಲ್ಲಿ, ನೀವು ಇನ್ನೊಂದು ತುದಿಯಲ್ಲಿ ಕಾಯುತ್ತೀರಿ. ನೀವು ಬೇರೆ ನಗರದಿಂದ ಗೋವಾಕ್ಕೆ ಹಾರಿಬಂದು ಅಲ್ಲಿಂದ ಬೆಳಗಾವಿಗೆ ಬರುವ ಯೋಚನೆಯಲ್ಲಿದ್ದು, ಕಡಲನ್ನು ನೋಡುವ ಉದ್ದೇಶವಿಲ್ಲದಿದ್ದರೆ, ಸಾಂಬ್ರಾದಲ್ಲಿ ಬೆಳಗಾವಿಯದೇ ವಿಮಾನ ನಿಲ್ದಾಣವಿದೆ ಎಂಬುದನ್ನು ನೆನಪಿಡಿ. ಘಟ್ಟವೇ ಬೇಕಾಗುವುದಿಲ್ಲ.

ಹೆಜ್ಜೆ 2: ಘಟ್ಟವನ್ನು ಆರಿಸಿ

ಚೋರ್ಲಾ. ಬೆಳಗಾವಿಯವರು ‘ಗೋವಾಕ್ಕೆ ಹೋಗಿಬಂದೆವು’ ಎಂದರೆ ಹತ್ತರಲ್ಲಿ ಎಂಟು ಸಲ ಇದೇ ದಾರಿ. ಪಣಜಿಯಿಂದ ಡಿಚೋಲಿ, ಸಾಖಳಿ, ಕೇರಿ; ಅಲ್ಲಿಂದ ಏರು; ಮೇಲೆ ಚೋರ್ಲಾ, ಕಣಕುಂಬಿ, ಜಾಂಬೋಟಿ; ಪೀರನವಾಡಿಯಲ್ಲಿ ಖಾನಾಪುರ ರಸ್ತೆ ಸೇರಿ ಬೆಳಗಾವಿ. ಒಟ್ಟು ಸುಮಾರು 110 ಕಿಲೋಮೀಟರ್. ಒಣ ದಿನದಲ್ಲಿ ಕಾರಿಗೆ ಮೂರರಿಂದ ಮೂರೂವರೆ ಗಂಟೆ ಇಟ್ಟುಕೊಳ್ಳಿ. ಇದೇ ಅತ್ಯಂತ ಹತ್ತಿರದ ದಾರಿ, ಮತ್ತು ನನ್ನ ಮಟ್ಟಿಗೆ ಅತ್ಯಂತ ಚೆಲುವಾದ ದಾರಿ. ಕೇರಿ ದಾಟಿ ಏರತೊಡಗಿದ ಮೇಲೆ ಕೆಳಗೆ ಅಂಜುಣೆ ಜಲಾಶಯದ ನೀರು ಕಾಣುತ್ತದೆ. ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ಇಲ್ಲಿ ಮೈಗೆ ಮೈ ತಾಗಿಸಿಕೊಂಡಿವೆ. ಫಲಕ ನೋಡದಿದ್ದರೆ ಯಾವ ರಾಜ್ಯದಲ್ಲಿದ್ದೇವೆ ಎಂಬುದು ತಿಳಿಯುವುದಿಲ್ಲ.

ಕಣಕುಂಬಿಯಲ್ಲಿ ಹತ್ತು ನಿಮಿಷ ನಿಲ್ಲಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮಲಪ್ರಭೆ ಹುಟ್ಟುವುದು ಇಲ್ಲಿ. ದೇವಸ್ಥಾನದ ಬಳಿ ಸಣ್ಣ ನೀರಾಗಿ ಹೊರಡುವ ಈ ಹೊಳೆ ಕರಾವಳಿಯ ಕಡೆಗೆ ಬೆನ್ನು ಮಾಡಿ, ಬೆಳಗಾವಿ ಜಿಲ್ಲೆಯನ್ನು ದಾಟಿ, ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇದೇ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹಾದಾಯಿ ಮಾತ್ರ ಪಡುವಣಕ್ಕೆ ಹರಿದು ಗೋವಾದಲ್ಲಿ ಮಾಂಡವಿಯಾಗುತ್ತದೆ. ಕಳಸಾ-ಬಂಡೂರಿ ಎಂದು ದಶಕಗಳಿಂದ ಪತ್ರಿಕೆಗಳಲ್ಲಿ ಓದುತ್ತಿರುವವರು ಕಳಸಾ ನಾಲೆಯ ಈ ನೆಲವನ್ನು ಒಮ್ಮೆ ಕಣ್ಣಾರೆ ನೋಡಬೇಕು. ಘಟ್ಟದ ಒಂದು ಕಡೆ ಬಿದ್ದ ಹನಿ ಕಡಲಿಗೆ, ಇನ್ನೊಂದು ಕಡೆ ಬಿದ್ದ ಹನಿ ನಮ್ಮ ಬಯಲಿಗೆ. ನೀವು ಅದೇ ಗೆರೆಯನ್ನು ಚಕ್ರದ ಮೇಲೆ ದಾಟುತ್ತಿದ್ದೀರಿ.

ಚೋರ್ಲಾದ ಕೊರತೆಯನ್ನೂ ಹೇಳಬೇಕು. ರಸ್ತೆ ಕಿರಿದು. ಮಳೆಗಾಲದಲ್ಲಿ ಗುಂಡಿ ಬೀಳುತ್ತದೆ, ಮರ ಉರುಳುತ್ತದೆ, ಮಣ್ಣು ಜಾರುತ್ತದೆ. ಭಾರೀ ವಾಹನಗಳನ್ನು ಆಡಳಿತ ಆಗಾಗ ನಿರ್ಬಂಧಿಸುತ್ತದೆ. ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಮಂಜು ಯಾವ ಹೊತ್ತಿನಲ್ಲಾದರೂ ಇಳಿಯಬಹುದು. ಗೋವಾದ ತರಕಾರಿಯ ಬಹುಪಾಲು ಬೆಳಗಾವಿ ಕಡೆಯಿಂದಲೇ ಇಳಿಯುವುದರಿಂದ, ನೀವು ಏರುವಾಗ ಎದುರಿಗೆ ಸರಕಿನ ವಾಹನಗಳು ಬರುತ್ತವೆ. ಅವು ಹೊತ್ತಿಗೆ ಮುಟ್ಟಬೇಕಾದವು, ನಿಧಾನಿಸುವುದಿಲ್ಲ. ಏರುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂಬುದು ಘಟ್ಟದ ನಿಯಮ. ಆದರೂ ತಿರುವಿನಲ್ಲಿ ನಿಮ್ಮ ಎಡಬದಿ ಬಿಡಬೇಡಿ, ಹಾರ್ನ್ ಮಾಡದೆ ತಿರುಗಬೇಡಿ.

ಅನಮೋಡ. ಪಣಜಿ, ಫೋಂಡಾ, ಮೊಲೆಂ, ಅನಮೋಡ, ರಾಮನಗರ, ಲೋಂಡಾ, ಖಾನಾಪುರ, ಬೆಳಗಾವಿ. ಇದು ರಾಷ್ಟ್ರೀಯ ಹೆದ್ದಾರಿ 748. ಹಳಬರು ಇನ್ನೂ ‘ನಾಲ್ಕು ಎ’ ಎನ್ನುತ್ತಾರೆ. ಸುಮಾರು 150 ಕಿಲೋಮೀಟರ್. ಪಣಜಿಯವರಿಗೆ ಇದು ಸುತ್ತು, ಆದರೆ ಮಡಗಾಂವ್, ಫೋಂಡಾದವರಿಗೆ ಇದೇ ಸಹಜವಾದ ದಾರಿ. ಮೊಲೆಂನಿಂದ ಮೇಲೆ ಕಾಡು ದಟ್ಟ. ಗೋವಾ ಬದಿಯಲ್ಲಿ ಭಗವಾನ್ ಮಹಾವೀರ ಅಭಯಾರಣ್ಯ, ನಮ್ಮ ಬದಿಯಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚು. ಕತ್ತಲಾದ ಮೇಲೆ ಕಾಡುಕೋಣ ರಸ್ತೆಗೆ ಬರುವುದುಂಟು. ಅದು ನಾಯಿಯಂತೆ ಬೆಳಕಿಗೆ ಬೆದರಿ ಓಡುವುದಿಲ್ಲ, ನಿಂತು ನೋಡುತ್ತದೆ. ದೀಪ ತಗ್ಗಿಸಿ, ಹಾರ್ನ್ ಮಾಡದೆ, ದೂರದಲ್ಲೇ ನಿಲ್ಲಿಸಿ ಕಾಯಿರಿ. ಮಳೆಗಾಲದಲ್ಲಿ ಈ ಘಟ್ಟದಲ್ಲೂ ಕುಸಿತದ ಭಯವಿದೆ. ಹೆದ್ದಾರಿ ಎಂಬ ಹೆಸರನ್ನು ನಂಬಿ ಅಜಾಗರೂಕರಾಗಬೇಡಿ.

ರಾಮನಗರದಲ್ಲಿ ದಾರಿ ಕವಲಾಗುತ್ತದೆ ಎಂಬುದು ನೆನಪಿರಲಿ. ಇಲ್ಲಿಂದ ಅಳ್ನಾವರ, ಧಾರವಾಡದ ಕಡೆಗೂ ಹೋಗಬಹುದು. ಬೆಳಗಾವಿಗೆ ಬರುವವರು ಲೋಂಡಾ, ಖಾನಾಪುರದ ಫಲಕ ಹಿಡಿಯಬೇಕು. ನಿದ್ದೆಗಣ್ಣಿನಲ್ಲಿ ತಪ್ಪಿ ಅರ್ಧ ದಾರಿ ಧಾರವಾಡ ಕಂಡವರನ್ನು ನಾನು ಬಲ್ಲೆ.

ಆಂಬೋಲಿ. ಮಾಪುಸಾದಿಂದ ಬಾಂದಾ, ಸಾವಂತವಾಡಿ, ಆಂಬೋಲಿ, ಚಂದಗಡ ತಾಲ್ಲೂಕಿನ ಮೇಲೆ ಹಾಯ್ದು, ಶಿನೋಳಿ ದಾಟಿ, ಹಿಂಡಲಗಾ ಮೂಲಕ ಬೆಳಗಾವಿಗೆ. ನಮ್ಮೂರಿನಲ್ಲಿ ಇದಕ್ಕೆ ವೆಂಗುರ್ಲಾ ರಸ್ತೆ ಎಂದು ಹೆಸರು. ಪಣಜಿಯಿಂದ ಲೆಕ್ಕ ಹಾಕಿದರೆ 150 ಕಿಲೋಮೀಟರಿಗೆ ಮೇಲಾಗುತ್ತದೆ, ಎರಡು ಗಡಿ ದಾಟಬೇಕಾಗುತ್ತದೆ. ಆದರೂ ಚೋರ್ಲಾ ಮುಚ್ಚಿದ ದಿನ ಉತ್ತರ ಗೋವಾದವರನ್ನು ಕಾಯುವುದು ಇದೇ. ಮಳೆಗಾಲದ ಶನಿವಾರ, ಭಾನುವಾರ ಮಾತ್ರ ಇತ್ತ ಬರಬೇಡಿ. ಆಂಬೋಲಿಯ ಜಲಪಾತದ ಮುಂದೆ ಪ್ರವಾಸಿಗರ ವಾಹನಗಳು ರಸ್ತೆಯನ್ನೇ ತುಂಬಿರುತ್ತವೆ.

ತಿಲಾರಿ. ದೋಡಾಮಾರ್ಗದಿಂದ ಏರುವ ಈ ಘಾಟ್ ಬಹಳ ಕಡಿದು. ದೂರ ಕಡಿಮೆ ಎಂದು ಮೊಬೈಲ್ ನಕಾಶೆ ಕೆಲವೊಮ್ಮೆ ಇಲ್ಲಿಗೆ ತಿರುಗಿಸುತ್ತದೆ. ಘಟ್ಟದಲ್ಲಿ ಕೈ ಪಳಗಿರದವರು, ತುಂಬಿದ ಕಾರಿನವರು, ಮಳೆಯಲ್ಲಿ ಯಾರೂ ಈ ದಾರಿಗೆ ಬರಕೂಡದು. ನಕಾಶೆ ಏನೇ ಹೇಳಲಿ, ಸಾಖಳಿ ಮತ್ತು ಕೇರಿಯ ಹೆಸರು ಕಾಣುತ್ತದೆಯೋ ನೋಡಿಕೊಳ್ಳಿ. ಕಂಡರೆ ಅದು ಚೋರ್ಲಾ.

ನನ್ನ ತೀರ್ಪು ಹೀಗಿದೆ. ಅಕ್ಟೋಬರಿನಿಂದ ಮೇವರೆಗೆ, ಹಗಲಿನಲ್ಲಿ, ಉತ್ತರ ಗೋವಾದಿಂದ ಹೊರಟರೆ ಚೋರ್ಲಾ. ದಕ್ಷಿಣ ಗೋವಾದಿಂದ ಹೊರಟರೆ ಅನಮೋಡ. ಮಳೆಗಾಲದಲ್ಲಿ ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ರೈಲು. ಮಳೆಗಾಲದ ರಾತ್ರಿ ಯಾವ ಘಟ್ಟವನ್ನೂ ಸ್ವಂತ ವಾಹನದಲ್ಲಿ ಏರಬೇಡಿ. ಗೋವಾದಲ್ಲೇ ಒಂದು ರಾತ್ರಿ ತಂಗಿ ಬೆಳಿಗ್ಗೆ ಹೊರಡಿ.

ಹೆಜ್ಜೆ 3: ವಾಹನ ಗೊತ್ತುಮಾಡಿ

ಸರ್ಕಾರಿ ಬಸ್. ಒಬ್ಬರೋ ಇಬ್ಬರೋ ಪ್ರಯಾಣಿಸುವುದಾದರೆ ಇದಕ್ಕಿಂತ ಸರಳವಾದುದು ಬೇರೆ ಇಲ್ಲ. ಎರಡು ಸಂಸ್ಥೆಗಳ ಬಸ್ಸುಗಳು ಓಡುತ್ತವೆ: ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನಮ್ಮ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಮತ್ತು ಗೋವಾದ ಕದಂಬ ಸಾರಿಗೆ ನಿಗಮ. ಬನವಾಸಿಯ ಕದಂಬರ ಕವಲೊಂದು ಗೋವಾವನ್ನು ಆಳಿದ ನೆನಪು ಆ ಹೆಸರಿನಲ್ಲಿ ಉಳಿದಿದೆ. ಪಣಜಿ ನಿಲ್ದಾಣದಲ್ಲಿ ಆ ಹೆಸರು ಕಂಡಾಗಲೆಲ್ಲ ನನಗೆ ನಮ್ಮವರನ್ನೇ ಕಂಡಂತಾಗುತ್ತದೆ. ಪಣಜಿ, ಮಾಪುಸಾ, ಮಡಗಾಂವ್, ವಾಸ್ಕೊ ನಿಲ್ದಾಣಗಳಿಂದ ಬೆಳಗಾವಿ ಕಡೆಗೆ ಬಸ್ಸುಗಳಿವೆ.

ಬಸ್ ಹತ್ತುವ ಮೊದಲು ನಿರ್ವಾಹಕರನ್ನು ‘ಬೆಳಗಾವಿಗೆ ಹೋಗುತ್ತದೆಯೇ’ ಎಂದಷ್ಟೇ ಕೇಳಬೇಡಿ, ‘ಯಾವ ಘಾಟ್ ಮೇಲೆ ಹೋಗುತ್ತದೆ’ ಎಂದು ಕೇಳಿ. ಚೋರ್ಲಾ ಮೇಲಿನ ಬಸ್ಸಿಗೂ ಅನಮೋಡ ಮೇಲಿನ ಬಸ್ಸಿಗೂ ಒಂದು ಗಂಟೆಗಿಂತ ಹೆಚ್ಚು ಅಂತರ ಬೀಳಬಹುದು. ಬೆಳಗಿನ ಬಸ್ ಹಿಡಿಯಿರಿ. ಮಧ್ಯಾಹ್ನದ ನಂತರ ಹೊರಟರೆ ಗೋವಾದ ಪಟ್ಟಣಗಳ ಸಂಚಾರ ದಟ್ಟಣೆಯಲ್ಲೇ ಹೊತ್ತು ಕಳೆದು, ಘಟ್ಟದ ಬುಡಕ್ಕೆ ಮುಟ್ಟುವಾಗ ಸಂಜೆಯಾಗಿರುತ್ತದೆ. ಹಬ್ಬದ ಮುನ್ನಾದಿನಗಳಲ್ಲಿ, ಅದರಲ್ಲೂ ಯುಗಾದಿ, ಗಣೇಶ ಚೌತಿ, ದೀಪಾವಳಿಗೆ, ಗೋವಾದಲ್ಲಿ ದುಡಿಯುವ ವಿಜಯಪುರ, ಬಾಗಲಕೋಟೆ ಕಡೆಯ ಸಾವಿರಾರು ಕುಟುಂಬಗಳು ಊರಿಗೆ ಹೊರಡುತ್ತವೆ. ಆಗ ಮುಂಗಡ ಸೀಟು ಕಾಯ್ದಿರಿಸದೆ ನಿಲ್ದಾಣಕ್ಕೆ ಹೋದರೆ ನಿಂತೇ ಪ್ರಯಾಣ.

ಕರ್ನಾಟಕದ ಹೆಣ್ಣುಮಕ್ಕಳು ಕೇಳುವ ಪ್ರಶ್ನೆಯೊಂದಿದೆ: ಶಕ್ತಿ ಯೋಜನೆಯ ಉಚಿತ ಟಿಕೆಟ್ ಗೋವಾದಿಂದ ಬರುವಾಗ ಸಿಗುತ್ತದೆಯೇ? 2023ರ ಜೂನ್ 11ರಂದು ಆರಂಭವಾದ ಆ ಸೌಲಭ್ಯ ರಾಜ್ಯದೊಳಗಿನ ಪ್ರಯಾಣಕ್ಕೆ. ಅಂತರರಾಜ್ಯ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳಲೇಬೇಕು. ಬೆಳಗಾವಿಯಲ್ಲಿ ಇಳಿದು ಮುಂದೆ ಬಾಗಲಕೋಟೆಗೋ ವಿಜಯಪುರಕ್ಕೋ ಸಾಮಾನ್ಯ ಬಸ್ ಹತ್ತಿದಾಗ ಅದು ಅನ್ವಯಿಸುತ್ತದೆ, ಗುರುತಿನ ಚೀಟಿ ಕೈಯಲ್ಲಿರಲಿ.

ಖಾಸಗಿ ಸ್ಲೀಪರ್ ಬಸ್. ಪುಣೆ, ಹೈದರಾಬಾದ್ ಕಡೆಗೆ ಹೋಗುವ ಕೆಲವು ಬಸ್ಸುಗಳು ಬೆಳಗಾವಿ ಮೇಲೆ ಹಾಯುತ್ತವೆ. ಇವುಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ, ಕಾರಣವೂ ಇದೆ. ಒಮ್ಮೆ ನಾನೂ ನನ್ನ ಅತ್ತೆಯವರೂ ಇಂಥ ಬಸ್ಸಿನಲ್ಲಿ ಬಂದೆವು. ‘ಬೆಳಗಾವಿ’ ಎಂದೇ ಟಿಕೆಟ್ ಕೊಟ್ಟಿದ್ದರು. ನಸುಕಿನ ಮೂರು ಗಂಟೆಗೆ ಊರ ಹೊರಗಿನ ಹೆದ್ದಾರಿಯಲ್ಲಿ ಇಳಿಸಿ ಹೊರಟುಹೋದರು. ದೀಪವಿಲ್ಲದ ಸರ್ವಿಸ್ ರಸ್ತೆ, ಆಟೊ ಇಲ್ಲ, ಅತ್ತೆಯವರಿಗೆ ಮೊಣಕಾಲು ನೋವು. ಹಾಲಿನ ವಾಹನವೊಂದರ ಚಾಲಕ ಕನಿಕರಪಟ್ಟು ನಮ್ಮನ್ನು ಬಸ್ ನಿಲ್ದಾಣದವರೆಗೆ ಬಿಟ್ಟ. ಅಂದಿನಿಂದ ಖಾಸಗಿ ಬಸ್ ಕಾಯ್ದಿರಿಸುವಾಗ ಇಳಿಸುವ ಜಾಗದ ಹೆಸರನ್ನು ಕೇಳಿ ಬರೆದುಕೊಳ್ಳುತ್ತೇನೆ: ಕೇಂದ್ರ ಬಸ್ ನಿಲ್ದಾಣದ ಎದುರೋ, ಹೆದ್ದಾರಿಯ ಸೇತುವೆ ಕೆಳಗೋ? ನೀವೂ ಕೇಳಿ. ಉತ್ತರ ಅಸ್ಪಷ್ಟವಾಗಿದ್ದರೆ ಬೇರೆ ಬಸ್ ನೋಡಿ.

ರೈಲು. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳುವೆ, ಏಕೆಂದರೆ ಇದು ಬರೀ ಸಾರಿಗೆಯಲ್ಲ. 1880ರ ದಶಕದಲ್ಲಿ ಪೋರ್ಚುಗೀಸರ ಮುರಗಾಂವ್ ಬಂದರನ್ನು ಬ್ರಿಟಿಷರ ಒಳನಾಡಿಗೆ ಜೋಡಿಸಲು ಕಡಿದ ದಾರಿ ಇದು. ಗೋವಾ 1961ರ ಡಿಸೆಂಬರಿನಲ್ಲಿ ಭಾರತವನ್ನು ಸೇರುವವರೆಗೆ ಕ್ಯಾಸಲ್‌ರಾಕ್ ಎಂದರೆ ಗಡಿ ನಿಲ್ದಾಣ, ಸುಂಕದ ಕಟ್ಟೆ. ಇಂದು ನೀವು ಕಡಲೆಕಾಯಿ ಬಿಡಿಸುತ್ತ ದಾಟುವ ಈ ಗೆರೆ ಅಂದು ಎರಡು ದೇಶಗಳ ನಡುವಿನ ಗಡಿಯಾಗಿತ್ತು. ಕುಳೆಯಿಂದ ಕ್ಯಾಸಲ್‌ರಾಕಿಗೆ 26 ಕಿಲೋಮೀಟರ್. ಪ್ರತಿ 37 ಮೀಟರಿಗೆ ಒಂದು ಮೀಟರ್ ಏರು. ಈ ಏರಿಗೆಂದು ರೈಲಿಗೆ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ. ಸುರಂಗದ ಮೇಲೆ ಸುರಂಗ, ನಡುವೆ ದೂಧಸಾಗರ ಜಲಪಾತ ಹಳಿಯ ಪಕ್ಕದಲ್ಲೇ ಧುಮ್ಮಿಕ್ಕುತ್ತದೆ. ಮಳೆಗಾಲದಲ್ಲಿ ಕಿಟಕಿಯ ಒಳಗೆ ಹನಿ ಬಂದು ಮುಖಕ್ಕೆ ತಾಗುತ್ತದೆ.

ಬೆಳಗಾವಿಗೆ ನೇರವಾಗಿ ಬರುವವರಿಗೆ ಮುಖ್ಯವಾದದ್ದು ದಿನವೂ ಓಡುವ ಗೋವಾ ಎಕ್ಸ್‌ಪ್ರೆಸ್, ಸಂಖ್ಯೆ 12779. ವಾಸ್ಕೊದಿಂದ ಹೊರಟು ಮಡಗಾಂವ್, ಕುಳೆ, ಕ್ಯಾಸಲ್‌ರಾಕ್, ಲೋಂಡಾ ದಾಟಿ ಬೆಳಗಾವಿಗೆ ಬಂದು, ಮಿರಜ್, ಪುಣೆ ಮೂಲಕ ದೆಹಲಿಯ ಹಜರತ್ ನಿಜಾಮುದ್ದೀನ್ ಸೇರುತ್ತದೆ. ಗೋವಾದಿಂದ ಹೊರಡುವುದು ಮಧ್ಯಾಹ್ನವಾದ್ದರಿಂದ ಘಟ್ಟವನ್ನು ಹಗಲು ಬೆಳಕಿನಲ್ಲಿ ನೋಡಬಹುದು. ವಾರಕ್ಕೊಮ್ಮೆ ಎರ್ನಾಕುಲಂನಿಂದ ಪುಣೆಗೆ ಹೋಗುವ ಪೂರ್ಣಾ ಎಕ್ಸ್‌ಪ್ರೆಸ್ ಕೂಡ ಮಡಗಾಂವಿನಿಂದ ಇದೇ ಘಟ್ಟ ಏರಿ ಬೆಳಗಾವಿಗೆ ಬರುತ್ತದೆ.

ನೇರ ರೈಲಿನಲ್ಲಿ ಸೀಟು ಸಿಗದಿದ್ದರೆ ಲೋಂಡಾ ಜಂಕ್ಷನ್ ನಿಮ್ಮ ಆಸರೆ. ವಾಸ್ಕೊದಿಂದ ಹುಬ್ಬಳ್ಳಿ, ಬೆಂಗಳೂರು, ಹೌರಾ ಕಡೆಗೆ ಹೋಗುವ ರೈಲುಗಳು ಲೋಂಡಾದಲ್ಲಿ ಧಾರವಾಡದ ಕಡೆಗೆ ತಿರುಗುತ್ತವೆ. ಅವುಗಳಲ್ಲಿ ಲೋಂಡಾದವರೆಗೆ ಬಂದು ಇಳಿದರೆ ಬೆಳಗಾವಿ ಅಲ್ಲಿಂದ 50 ಕಿಲೋಮೀಟರಿನಷ್ಟು. ಹುಬ್ಬಳ್ಳಿ ಕಡೆಯಿಂದ ಬೆಳಗಾವಿಗೆ ಹೋಗುವ ಇನ್ನೊಂದು ರೈಲು ಹಿಡಿಯಬಹುದು ಅಥವಾ ಖಾನಾಪುರ ಮೇಲೆ ಬಸ್ಸಿನಲ್ಲಿ ಬರಬಹುದು. ಆದರೆ ತಡರಾತ್ರಿ ಲೋಂಡಾದಲ್ಲಿ ಇಳಿಯುವ ಯೋಜನೆ ಮಾಡಬೇಡಿ. ಸಣ್ಣ ಊರು, ಅಂಗಡಿಗಳು ಬೇಗ ಮುಚ್ಚುತ್ತವೆ, ಮಳೆಗಾಲದಲ್ಲಿ ಚಳಿ ಹಿಡಿಯುತ್ತದೆ.

ಟಿಕೆಟ್ ಕಾಯ್ದಿರಿಸುವಾಗ ನಿಲ್ದಾಣಗಳ ಸಂಕೇತ ಕೈಗೆ ಬರುತ್ತದೆ: ವಾಸ್ಕೊ ವಿಎಸ್‌ಜಿ, ಮಡಗಾಂವ್ ಎಂಎಒ, ಲೋಂಡಾ ಎಲ್‌ಡಿ, ಬೆಳಗಾವಿ ಬಿಜಿಎಂ. ಊರಿನ ಹೆಸರು ಬೆಳಗಾವಿ ಎಂದಾದರೂ ಸಂಕೇತ ಹಳೆಯ ಹೆಸರಿನದೇ. ಮುಂಗಡ ಕಾಯ್ದಿರಿಸುವಿಕೆ ಪ್ರಯಾಣಕ್ಕೆ 60 ದಿನ ಮೊದಲು ತೆರೆಯುತ್ತದೆ. ಇನ್ನೊಂದು ಮಾತು: ಮಡಗಾಂವಿನಿಂದ ಹೊರಡುವ ಎಲ್ಲ ರೈಲುಗಳೂ ಘಟ್ಟ ಏರುವುದಿಲ್ಲ. ಕೊಂಕಣ ರೈಲು ಮಾರ್ಗದವು ಕಾರವಾರಕ್ಕೋ ರತ್ನಾಗಿರಿಗೋ ಕರಾವಳಿಗುಂಟ ಹೋಗುತ್ತವೆ. ಪ್ಲಾಟ್‌ಫಾರ್ಮಿನಲ್ಲಿ ನಿಂತ ರೈಲು ‘ಕುಳೆ, ಲೋಂಡಾ’ ದಾರಿಯದೋ ಎಂದು ಕೇಳಿಕೊಂಡೇ ಹತ್ತಿ.

ದೂಧಸಾಗರದಲ್ಲಿ ರೈಲು ನಿಂತರೂ ಇಳಿಯಬೇಡಿ, ಹಳಿಯ ಮೇಲೆ ನಡೆಯಬೇಡಿ. ಅದಕ್ಕೆ ನಿಷೇಧವಿದೆ, ದಂಡವೂ ಇದೆ. ಎಲ್ಲಕ್ಕಿಂತ ಮಿಗಿಲಾಗಿ, ಸುರಂಗದ ಬಾಯಲ್ಲಿ ನಿಂತವನಿಗೆ ಮಳೆಯ ಸದ್ದಿನಲ್ಲಿ ಎಂಜಿನ್ ಬಂದದ್ದು ಕೇಳುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಇಲ್ಲೂ ಗುಡ್ಡ ಜಾರುತ್ತದೆ. 2021ರ ಜುಲೈನಲ್ಲಿ ದೂಧಸಾಗರದ ಬಳಿ ಮಣ್ಣು ಕುಸಿದು ಪ್ರಯಾಣಿಕರ ರೈಲೊಂದು ಹಳಿ ತಪ್ಪಿತ್ತು. ಆ ತಿಂಗಳುಗಳಲ್ಲಿ ಹೊರಡುವ ದಿನ ಬೆಳಿಗ್ಗೆಯೇ ರೈಲು ಓಡುತ್ತಿದೆಯೇ ಎಂದು 139ಕ್ಕೆ ಕರೆ ಮಾಡಿ ಖಚಿತಪಡಿಸಿಕೊಳ್ಳಿ.

ಟ್ಯಾಕ್ಸಿ. ನಾಲ್ಕೈದು ಮಂದಿ, ಸಾಮಾನು ಹೆಚ್ಚು ಎಂದಾದರೆ ಲೆಕ್ಕ ಸರಿಹೋಗುತ್ತದೆ. ದೊಡ್ಡ ನಗರಗಳಲ್ಲಿ ಬಳಸುವ ಆ್ಯಪ್‌ಗಳನ್ನು ಗೋವಾದಲ್ಲಿ ನೆಚ್ಚಿಕೊಳ್ಳಬೇಡಿ. ಅಲ್ಲಿ ಸ್ಥಳೀಯ ಟ್ಯಾಕ್ಸಿಯವರ ಹಿಡಿತ ಹೆಚ್ಚು. ಮಾತಾಡುವಾಗ ನಾಲ್ಕು ಸಂಗತಿ ಸ್ಪಷ್ಟಪಡಿಸಿಕೊಳ್ಳಿ: ಮರಳಿ ಖಾಲಿ ಹೋಗುವ ದೂರ ಬಾಡಿಗೆಯಲ್ಲಿ ಸೇರಿದೆಯೇ, ಹೊರರಾಜ್ಯಕ್ಕೆ ಬರಲು ಪರ್ಮಿಟ್ ಇದೆಯೇ, ಅದರ ತೆರಿಗೆ ಯಾರದು, ಯಾವ ಘಾಟ್ ಮೇಲೆ ಬರುತ್ತಾರೆ. ಅಗ್ಗದ ಉಪಾಯ ಇನ್ನೊಂದಿದೆ. ಬೆಳಗಾವಿಯಿಂದ ಗೋವಾಕ್ಕೆ ಜನರನ್ನು ಬಿಡಲು ಬಂದ ನಮ್ಮ ಕಡೆಯ ವಾಹನಗಳು ಖಾಲಿ ಮರಳುತ್ತವೆ. ಬೆಳಗಾವಿಯ ಪರಿಚಿತ ಚಾಲಕರಿಗೆ ಒಂದು ದಿನ ಮೊದಲೇ ಫೋನ್ ಮಾಡಿದರೆ ಅರ್ಧ ಬಾಡಿಗೆಗೆ ಸಿಗುವ ಸಂಭವ ಹೆಚ್ಚು, ಮತ್ತು ಅವರಿಗೆ ಘಟ್ಟದ ಪ್ರತಿ ತಿರುವೂ ಗೊತ್ತಿರುತ್ತದೆ.

ಬಾಡಿಗೆಯ ಬೈಕ್, ಕಾರು. ಗೋವಾದಲ್ಲಿ ಬಾಡಿಗೆಗೆ ಪಡೆದ ವಾಹನವನ್ನು ಮಾಲೀಕರನ್ನು ಕೇಳದೆ ಗಡಿ ದಾಟಿಸಬೇಡಿ. ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಕಂಡರೆ ಅದು ಬಾಡಿಗೆಯದೆಂದು ಚೆಕ್‌ಪೋಸ್ಟಿನಲ್ಲಿ ತಕ್ಷಣ ತಿಳಿಯುತ್ತದೆ. ಅಪಘಾತವಾದರೆ ವಿಮೆಯ ವಿಚಾರದಲ್ಲಿ ಗಂಟು ಬೀಳುತ್ತದೆ.

ಸ್ವಂತ ಬೈಕಿನವರಿಗೆ: ಚಳಿಗಾಲದ ಬೆಳಗಿನಲ್ಲಿ ಚೋರ್ಲಾ ಹಿತವಾದ ದಾರಿ. ಕಡಲ ಸೆಖೆಯಲ್ಲಿ ಹೊರಟು ಕಣಕುಂಬಿ ಮುಟ್ಟುವಷ್ಟರಲ್ಲಿ ಜಾಕೆಟ್ ಬೇಕೆನಿಸುತ್ತದೆ, ಚೀಲದ ಮೇಲ್ಗಡೆಯೇ ಇಟ್ಟಿರಿ.

ಹೆಜ್ಜೆ 4: ಗಡಿಗೆ ಸಿದ್ಧರಾಗಿ

ಎರಡು ರಾಜ್ಯಗಳ ಗಡಿ ಎಂದರೆ ಪಾಸ್‌ಪೋರ್ಟ್ ಬೇಕಿಲ್ಲ, ಆದರೆ ತಪಾಸಣೆ ಇದೆ. ಚಾಲನಾ ಪರವಾನಗಿ, ನೋಂದಣಿ ಪತ್ರ, ವಿಮೆ, ಹೊಗೆ ಪ್ರಮಾಣಪತ್ರ ಇರಲಿ, ಡಿಜಿಲಾಕರಿನಲ್ಲಿರುವುದು ನಡೆಯುತ್ತದೆ. ಆದರೆ ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ಸಿಗದ ಕಡೆಗಳಿವೆ, ಆದ್ದರಿಂದ ಮೊದಲೇ ತೆರೆದು ಫೋನಿನಲ್ಲಿ ಉಳಿಸಿಕೊಳ್ಳಿ. ನಕಾಶೆಯನ್ನೂ ಸಾಖಳಿ ಅಥವಾ ಫೋಂಡಾದಲ್ಲಿರುವಾಗಲೇ ಇಳಿಸಿಕೊಳ್ಳಿ.

ಮದ್ಯದ ವಿಷಯ ನೇರವಾಗಿ ಹೇಳುತ್ತೇನೆ. ಗೋವಾದಲ್ಲಿ ಅಗ್ಗ ಎಂದು ಬಾಟಲಿ ತುಂಬಿಕೊಂಡು ಬರಬೇಡಿ. ‘ಗೋವಾದಲ್ಲಿ ಮಾತ್ರ ಮಾರಾಟಕ್ಕೆ’ ಎಂದು ಅದರ ಮೇಲೇ ಅಚ್ಚಾಗಿರುತ್ತದೆ. ಕಣಕುಂಬಿಯಲ್ಲೂ ಅನಮೋಡದಲ್ಲೂ ಅಬಕಾರಿ ತಪಾಸಣೆ ಇದೆ, ಬಸ್ಸುಗಳ ಒಳಗೂ ಹತ್ತಿ ನೋಡುತ್ತಾರೆ, ಚುನಾವಣೆ ಬಂತೆಂದರೆ ಇನ್ನೂ ಬಿಗಿ. ಸಿಕ್ಕಿಬಿದ್ದರೆ ಸರಕಿನ ಜೊತೆ ವಾಹನವನ್ನೂ ವಶಪಡಿಸಿಕೊಳ್ಳಬಹುದು. ಮದುವೆಯ ಗಡಿಬಿಡಿಯಲ್ಲಿದ್ದ ಒಂದು ಕುಟುಂಬ ಇಂಥ ಕಾರಣಕ್ಕೆ ಚೆಕ್‌ಪೋಸ್ಟಿನಲ್ಲಿ ಅರ್ಧ ದಿನ ಕುಳಿತದ್ದನ್ನು ನಾನು ಕಂಡಿದ್ದೇನೆ. ಹೆಣ್ಣುಮಕ್ಕಳು ಬಿಸಿಲಿನಲ್ಲಿ ರಸ್ತೆಬದಿಯ ಕಲ್ಲಿನ ಮೇಲೆ ಕುಳಿತಿದ್ದರು.

ಮೀನು ತರುವುದಕ್ಕೆ ಅಡ್ಡಿಯಿಲ್ಲ. ಬೆಳಗಾವಿಯವರು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆ ಹಾಕಿಸಿ ತರುತ್ತಾರೆ. ಬಸ್ಸಿನಲ್ಲಾದರೆ ಪೆಟ್ಟಿಗೆಗೆ ಗಟ್ಟಿಯಾಗಿ ಟೇಪು ಸುತ್ತಿಸಿ. ನೀರು ಸೋರಿದರೆ ಸಹಪ್ರಯಾಣಿಕರಿಗೆ ಘಟ್ಟದ ತಿರುವಿಗಿಂತ ಆ ವಾಸನೆಯೇ ದೊಡ್ಡ ಕಷ್ಟ.

ಇಂಧನವನ್ನು ಸಾಖಳಿಯಲ್ಲಿ ಅಥವಾ ಫೋಂಡಾದಲ್ಲಿ ತುಂಬಿಸಿಕೊಳ್ಳಿ. ಪೆಟ್ರೋಲ್ ಗೋವಾದಲ್ಲಿ ಸಾಮಾನ್ಯವಾಗಿ ನಮ್ಮಲ್ಲಿಗಿಂತ ಅಗ್ಗ, ಅದಕ್ಕಿಂತ ಮುಖ್ಯವಾಗಿ ಏರಿನಲ್ಲಿ ಬಂಕ್ ಹುಡುಕುವ ಪಾಡು ಬೇಡ. ಬ್ರೇಕು, ವೈಪರ್, ಮಂಜಿನ ದೀಪ, ಸ್ಟೆಪ್ನಿ ನಾಲ್ಕನ್ನೂ ಹಿಂದಿನ ದಿನವೇ ನೋಡಿ.

ಹೆಜ್ಜೆ 5: ಹೊರಡುವ ದಿನ

ಬೆಳಿಗ್ಗೆ ಆರರಿಂದ ಏಳರ ಒಳಗೆ ಗೋವಾ ಬಿಡಿ. ತುಂಬಿದ ಹೊಟ್ಟೆಯಲ್ಲಿ ಘಟ್ಟ ಏರಬೇಡಿ. ಇಡ್ಲಿಯಷ್ಟು ಹಗುರವಾದ ತಿಂಡಿ ಸಾಕು. ವಾಂತಿಯ ತೊಂದರೆ ಇರುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಮೊಬೈಲ್ ನೋಡಲು ಬಿಡಬೇಡಿ, ಕೈಗೆ ಲಿಂಬೆಹಣ್ಣು ಅಥವಾ ಬಾಯಿಗೆ ಶುಂಠಿಯ ಚೂರು ಕೊಡಿ. ವೈದ್ಯರು ಹೇಳಿದ ಮಾತ್ರೆಯಿದ್ದರೆ ಏರು ಶುರುವಾಗುವ ಅರ್ಧ ಗಂಟೆ ಮೊದಲೇ ನುಂಗಬೇಕು, ತಲೆ ಸುತ್ತತೊಡಗಿದ ಮೇಲೆ ನುಂಗಿದರೆ ಪ್ರಯೋಜನವಿಲ್ಲ. ಚಾಲಕರು ಏರಿನಲ್ಲಿ ಕೆಳಗಿನ ಗೇರಿನಲ್ಲೇ ಇರಲಿ. ಮಂಜು ಕವಿದರೆ ಹೈಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಮರಳುತ್ತದೆ. ದೀಪ ತಗ್ಗಿಸಿ, ರಸ್ತೆಯ ಬಿಳಿ ಗೆರೆ ಹಿಡಿದು ಬನ್ನಿ. ಏನೂ ಕಾಣದಂತಾದರೆ ತಿರುವಿನಲ್ಲಿ ನಿಲ್ಲಬೇಡಿ, ಅಗಲವಾದ ಜಾಗ ಸಿಕ್ಕಲ್ಲಿ ಪೂರ್ತಿ ಬದಿಗೆ ಸರಿದು ನಿಲ್ಲಿ.

ಚೋರ್ಲಾ ಏರಿ ಬಂದವರಿಗೆ ಚಹಾ, ಊಟಕ್ಕೆ ಜಾಂಬೋಟಿ. ಅನಮೋಡ ಏರಿ ಬಂದವರಿಗೆ ರಾಮನಗರ ಅಥವಾ ಖಾನಾಪುರ. ಅಲ್ಲಿಗೆ ಬಂದರೆ ಕಠಿಣ ಭಾಗ ಮುಗಿದಂತೆ. ಜಾಂಬೋಟಿಯಲ್ಲಿ ದಾರಿ ಎರಡಾಗುತ್ತದೆ: ಒಂದು ಖಾನಾಪುರಕ್ಕೆ, ಇನ್ನೊಂದು ನೇರ ಬೆಳಗಾವಿಗೆ. ನೇರ ದಾರಿಯಲ್ಲಿ ದುರಸ್ತಿ ನಡೆದಿದ್ದರೆ ಊರಿನವರೇ ಹೇಳುತ್ತಾರೆ, ಆಗ ಖಾನಾಪುರ ಮೇಲೆ ಬನ್ನಿ, ಸ್ವಲ್ಪ ಸುತ್ತಾಗುತ್ತದೆ ಅಷ್ಟೆ. ಇಲ್ಲಿ ಮರಾಠಿ, ಕೊಂಕಣಿ, ಕನ್ನಡ ಮೂರೂ ನಡೆಯುತ್ತವೆ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ, ಹಿಂಜರಿಯಬೇಡಿ.

ಹೆಜ್ಜೆ 6: ಬೆಳಗಾವಿಯಲ್ಲಿ ಇಳಿಯುವುದು, ಮುಂದೆ ಸಾಗುವುದು

ಚೋರ್ಲಾ, ಅನಮೋಡ ಎರಡೂ ದಾರಿಗಳು ಪೀರನವಾಡಿ ದಾಟಿ, ಉದ್ಯಮಬಾಗದ ಮೇಲೆ, ಮೂರನೇ ರೈಲ್ವೆ ಗೇಟಿನ ಮೂಲಕ ಟಿಳಕವಾಡಿಗೆ ಬರುತ್ತವೆ. ಅಲ್ಲಿಂದ ಮುಂದೆ ಸಿಗುವ ವೃತ್ತದ ಹೆಸರು ಗೋವಾವೇಸ್. ವೇಸ್ ಎಂದರೆ ಊರ ಬಾಗಿಲು. ಗೋವಾದ ದಾರಿ ಊರನ್ನು ಸೇರುತ್ತಿದ್ದ ಬಾಗಿಲು ಅದು. ಟಿಳಕವಾಡಿ, ಶಹಾಪುರ, ವಡಗಾವಿಗೆ ಹೋಗುವವರು ಕೊನೆಯ ನಿಲ್ದಾಣದವರೆಗೆ ಹೋಗದೆ ಇಲ್ಲೇ ಸುತ್ತಮುತ್ತ ಇಳಿದರೆ ಆಟೊ ಖರ್ಚು ಉಳಿಯುತ್ತದೆ. ರೈಲಿನವರಿಗೂ ಈ ಭಾಗವೇ ಹತ್ತಿರ. ಕೇಂದ್ರ ಬಸ್ ನಿಲ್ದಾಣ ಕೋಟೆಯ ಬಳಿ, ಊರಿನ ಇನ್ನೊಂದು ಬದಿಯಲ್ಲಿದೆ.

ಬಾಗಲಕೋಟೆ, ವಿಜಯಪುರಕ್ಕೆ ಹೋಗುವವರು ಬೆಳಗಾವಿಯನ್ನು ಅರ್ಧ ದಾರಿ ಎಂದೇ ಎಣಿಸಬೇಕು. ಬಾಗಲಕೋಟೆ ಇಲ್ಲಿಂದ ಇನ್ನೂ 140 ಕಿಲೋಮೀಟರಿನಷ್ಟು, ವಿಜಯಪುರ 200ರ ಆಸುಪಾಸು. ಗೋವಾದಿಂದ ಮುಂಜಾನೆ ಹೊರಟು ಮಧ್ಯಾಹ್ನದೊಳಗೆ ಬೆಳಗಾವಿ ಮುಟ್ಟಿದರೆ ರಾತ್ರಿ ಊಟಕ್ಕೆ ಮನೆ ಸೇರಬಹುದು. ಗೋವಾದಿಂದ ನೇರ ಬಸ್ಸು ಸಿಕ್ಕರೆ ಅದನ್ನೇ ಹಿಡಿಯಿರಿ. ಗಂಟುಮೂಟೆ, ಮಕ್ಕಳೊಂದಿಗೆ ನಡುವೆ ಬಸ್ ಬದಲಿಸುವ ಪಾಡು ತಪ್ಪುತ್ತದೆ. ರೈಲೇ ಬೇಕೆನ್ನುವ ವಾಸ್ಕೊದವರು ಬೆಳಗಾವಿಗೆ ಬರುವ ಅಗತ್ಯವೇ ಇಲ್ಲ. ಲೋಂಡಾ ಮೂಲಕ ಹುಬ್ಬಳ್ಳಿಗೆ ಹೋಗಿ, ಗದಗ, ಬಾದಾಮಿ, ಬಾಗಲಕೋಟೆ, ಆಲಮಟ್ಟಿ ಮೇಲೆ ವಿಜಯಪುರ ಸೇರುವ ರೈಲು ಹಿಡಿಯಬಹುದು.

ಬೆಳಗಾವಿಯಲ್ಲಿ ಬಸ್ ಬದಲಿಸುವವರು ಕೈಯಲ್ಲಿ ಅರ್ಧ ಗಂಟೆ ಇದ್ದರೆ ಊರಿಗೆ ಒಂದು ಡಬ್ಬಿ ಕುಂದಾ ಕಟ್ಟಿಸಿಕೊಳ್ಳಿ. ಎರಡು ಮೂರು ದಿನ ಕೆಡುವುದಿಲ್ಲ. ಆದರೆ ಮೀನಿನ ಪೆಟ್ಟಿಗೆಯ ಪಕ್ಕದಲ್ಲಿ ಮಾತ್ರ ಇಡಬೇಡಿ.